ಹೇಳಿ ಮಾಡಿಸುವುದರಿಂದ ತಾವಾಗಿಯೇ ಮಾಡಿಕೊಳ್ಳುವವರೆಗೆ: ಬೆಳವಣಿಗೆ ಸಂಬಂಧಿ ಅಂಗವೈಕಲ್ಯವುಳ್ಳ ಯುವಜನರಲ್ಲಿ ಶುಚಿತ್ವದ ರೂಢಿ

ಪ್ರಾಯಕ್ಕೆ ಬಂದ ಮಗನಿಗೆ ಅಥವಾ ಮಗಳಿಗೆ ದಿನವೂ "ಸ್ನಾನ ಆಯಿತಾ? ಹಲ್ಲುಜ್ಜಿದೆಯಾ? ಆ ಅಂಗಿ ಬದಲಾಯಿಸು" ಎಂದು ಹೇಳುತ್ತಿರುವುದು ಪೋಷಕರಿಗೆ ಎಷ್ಟು ಆಯಾಸವೋ, ಅದನ್ನು ದಿನವೂ ಕೇಳಿಸಿಕೊಳ್ಳುವುದು ಆ ಮಕ್ಕಳಿಗೂ ಅಷ್ಟೇ ಆಯಾಸ. ಆಟಿಸಂ, ಡೌನ್ ಸಿಂಡ್ರೋಮ್, ಕೈಕಾಲುಗಳ ಚಲನೆಗೆ ತೊಡಕಾಗುವ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮೊದಲಾದ ಸ್ಥಿತಿಗಳಿರುವ ಯುವಕ ಯುವತಿಯರ ಮನೆಗಳಲ್ಲಿ ಈ ಮಾತು ವರ್ಷಗಟ್ಟಲೆ ನಡೆಯುತ್ತದೆ. ಹೇಳಿದರೆ ಕೆಲಸ ಆಗುತ್ತದೆ, ಹೇಳದಿದ್ದರೆ ಆಗುವುದಿಲ್ಲ ಎನ್ನುವ ಹಂತದಲ್ಲೇ ಅದು ನಿಂತುಬಿಡುವುದೂ ಉಂಟು. ಇದಕ್ಕೆ ಕಾರಣ ಸೋಮಾರಿತನವಲ್ಲ. ದಿನವೂ ಒಬ್ಬರು ಹೇಳಿದ ಮೇಲೆಯೇ ಒಂದು ಕೆಲಸ ಶುರುವಾಗುತ್ತಿದ್ದರೆ, ಆ ಹೇಳಿಕೆಯೇ ಕೆಲಸದ ಮೊದಲ ಹೆಜ್ಜೆಯಾಗಿ ಮನಸ್ಸಿನಲ್ಲಿ ಕೂರುತ್ತದೆ. ಕಲಿಸುವಾಗ ಕೊಡುವ ನೆರವುಗಳಲ್ಲಿ ಬಾಯಿಮಾತು ಕೊಡುವುದಕ್ಕೆ ಅತಿ ಸುಲಭ, ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅತಿ ಕಷ್ಟ ಎನ್ನುವುದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಎಲ್ಲರೂ ಬಲ್ಲರು. ಆದ್ದರಿಂದ ಇಲ್ಲಿ ಹೇಳಹೊರಟಿರುವ ಕ್ರಮದ ಉದ್ದೇಶ ಒಂದೇ: ನೆನಪಿಸುವ ಬಾಯಿಯ ಜಾಗದಲ್ಲಿ, ಆ ವ್ಯಕ್ತಿ ತಾನೇ ನೋಡಿ, ತಾನೇ ಮುಟ್ಟಿ, ತಾನೇ ಮುಗಿಸಬಲ್ಲ ವ್ಯವಸ್ಥೆಯೊಂದನ್ನು ನಿಲ್ಲಿಸುವುದು.

ಮೊದಲು ಎಲ್ಲಿ ತಡೆಯಾಗುತ್ತಿದೆ ಎಂದು ನೋಡಿ

ಕಲಿಸಲು ಕೈಹಾಕುವ ಮೊದಲು ಒಂದು ವಾರವಾದರೂ ಏನನ್ನೂ ಬದಲಾಯಿಸದೆ ಗಮನಿಸಿ. "ಹಲ್ಲುಜ್ಜುವುದಿಲ್ಲ" ಎನ್ನುವುದು ದೂರು. ಅದರಿಂದ ಮುಂದಿನ ದಾರಿ ತಿಳಿಯುವುದಿಲ್ಲ. ಬ್ರಷ್ ಹಿಡಿಯುವವರೆಗೆ ಬಂದು ಪೇಸ್ಟಿನ ಮುಚ್ಚಳ ತಿರುಗಿಸಲಾಗದೆ ನಿಲ್ಲುತ್ತಾರೆಯೇ? ಮುಂದಿನ ಹಲ್ಲುಗಳನ್ನು ಮಾತ್ರ ಉಜ್ಜಿ, ಒಳಬದಿಗೆ ಬ್ರಷ್ ಹೋದೊಡನೆ ಓಕರಿಕೆ ಬಂದು ಬಿಡುತ್ತಾರೆಯೇ? ಪೇಸ್ಟಿನ ಖಾರ ನಾಲಿಗೆಗೆ ಉರಿಯುತ್ತದೆಯೇ? ಅಥವಾ ಎಲ್ಲವೂ ಬರುತ್ತದೆ, ಹಾಸಿಗೆಯಿಂದ ಎದ್ದು ಬಚ್ಚಲ ಕಡೆಗೆ ಹೊರಡುವ ಆ ಮೊದಲ ಹೆಜ್ಜೆಯೇ ಆಗುತ್ತಿಲ್ಲವೇ? ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯವರಿಗೆ ಒತ್ತಿದರೆ ಪೇಸ್ಟ್ ಬರುವ ಬಾಟಲಿ ಸಾಕು, ಎರಡನೆಯವರಿಗೆ ತಲೆ ಚಿಕ್ಕದಾದ ಬ್ರಷ್ ಬೇಕು, ಮೂರನೆಯವರಿಗೆ ರುಚಿಯಿಲ್ಲದ ಪೇಸ್ಟ್ ಬೇಕು, ನಾಲ್ಕನೆಯವರಿಗೆ ಕಣ್ಣಿಗೆ ಕಾಣುವ ದಿನಚರಿ ಬೇಕು. ಎಲ್ಲರಿಗೂ "ಹಲ್ಲುಜ್ಜು" ಎಂದು ಗದರಿಸಿದರೆ ಯಾರ ತಡೆಯೂ ಸರಿಯುವುದಿಲ್ಲ.

ಪೋಷಕರು ಬಹಳ ಸಲ ತಪ್ಪಾಗಿ ತಿಳಿಯುವ ವಿಷಯ ಮೈವಾಸನೆಯದು. ಪ್ರೌಢಾವಸ್ಥೆಯಲ್ಲಿ ಕಂಕುಳು ಮತ್ತು ತೊಡೆಸಂದಿನಲ್ಲಿರುವ ಅಪೊಕ್ರೈನ್ ಎಂಬ ಬೆವರಿನ ಗ್ರಂಥಿಗಳು ಕೆಲಸ ಆರಂಭಿಸುತ್ತವೆ. ಅವು ಸ್ರವಿಸುವ ದ್ರವಕ್ಕೆ ತಾನಾಗಿ ಹೆಚ್ಚಿನ ವಾಸನೆಯಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಹತ್ತು ವರ್ಷದವರಿದ್ದಾಗ ಸಾಕಾಗುತ್ತಿದ್ದ ಸ್ನಾನ ಈಗ ಏಕೆ ಸಾಲದು ಎಂಬುದಕ್ಕೆ ಇದೇ ಉತ್ತರ, ಮತ್ತು ಇದನ್ನು ಸರಳ ಮಾತಿನಲ್ಲಿ ಅವರಿಗೇ ವಿವರಿಸಬೇಕು. ಇನ್ನೊಂದು ಮಾತು: ಸತತವಾಗಿ ಇರುವ ವಾಸನೆಗೆ ಮೂಗು ಒಗ್ಗಿಹೋಗುವುದರಿಂದ ತನ್ನ ಮೈವಾಸನೆ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಹೀಗಿರುವಾಗ "ವಾಸನೆ ಬಂದರೆ ಸ್ನಾನ ಮಾಡು" ಎಂಬ ನಿಯಮ ನಿಷ್ಪ್ರಯೋಜಕ. ಅದಕ್ಕೆ ಬದಲು "ಬೆಳಗಿನ ತಿಂಡಿಗೆ ಮೊದಲು ಸ್ನಾನ", "ವ್ಯಾಯಾಮದ ನಂತರ ಅಂಗಿ ಬದಲಾವಣೆ" ಎಂದು ಹೊತ್ತಿಗೂ ಘಟನೆಗೂ ಕಟ್ಟಿದ ನಿಯಮ ಮಾಡಿ.

ಮೈಗೆ ಆಗದಿರುವುದನ್ನು ಗೌರವಿಸಿ

ಆಟಿಸಂ ಇರುವ ಅನೇಕರಿಗೆ ಸ್ಪರ್ಶ, ಶಬ್ದ, ವಾಸನೆ ಮತ್ತು ಬಿಸಿ ತಣುಪಿನ ಅನುಭವ ಇತರರಿಗಿಂತ ತೀವ್ರವಾಗಿರುತ್ತದೆ. ಕೆಲವರಿಗೆ ಅದು ತೀರಾ ಕಡಿಮೆಯೂ ಇರಬಹುದು. ಶವರಿನ ನೀರು ಮುಖಕ್ಕೆ ಬಡಿಯುವುದು, ಗೋಡೆಗೆ ಹೊಡೆದು ಪ್ರತಿಧ್ವನಿಸುವ ಸದ್ದು, ಒದ್ದೆ ಕೂದಲು ಕುತ್ತಿಗೆಗೆ ಅಂಟುವುದು, ಒರಟು ಟವೆಲ್ ಇವೆಲ್ಲ ಅಂಥವರಿಗೆ ನಿಜವಾದ ನೋವು. ಅದನ್ನು ಹಟ ಎಂದುಕೊಂಡು ಬಲವಂತ ಮಾಡಿದರೆ, ಬಚ್ಚಲುಮನೆಯೇ ಭಯದ ಜಾಗವಾಗಿ ಮುಂದಿನ ಕಲಿಕೆಯ ದಾರಿಯೂ ಮುಚ್ಚುತ್ತದೆ.

ಬದಲಾಯಿಸಬಹುದಾದದ್ದು ಬಹಳಷ್ಟಿದೆ. ಶವರ್ ಆಗದವರು ಬಕೆಟ್ ಮತ್ತು ಚೊಂಬಿನಿಂದ ಸ್ನಾನ ಮಾಡಬಹುದು. ನೀರು ಎಲ್ಲಿ, ಯಾವಾಗ ಬೀಳುತ್ತದೆ ಎನ್ನುವುದು ಆಗ ಅವರ ಕೈಯಲ್ಲೇ ಇರುತ್ತದೆ. ಸುವಾಸನೆಯಿಲ್ಲದ ಸೋಪು, ಮೃದುವಾದ ಬಟ್ಟೆ, ಕಣ್ಣಿಗೆ ನೀರು ಹೋಗದಂತೆ ಹಣೆಗೆ ಒತ್ತಿಹಿಡಿಯುವ ಮಡಿಸಿದ ಟವೆಲ್, ಮಂದ ಬೆಳಕು ಇವನ್ನು ಒಂದೊಂದಾಗಿ ಪ್ರಯತ್ನಿಸಿ ಏನು ಒಗ್ಗುತ್ತದೆಂದು ನೋಡಿ. ಪೇಸ್ಟಿನ ನೊರೆ ಹಿಡಿಸದವರಿಗೆ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ, ಆದರೆ ಫ್ಲೋರೈಡ್ ಇರುವ ಪೇಸ್ಟ್ ಸಿಗುತ್ತದೆ. ಉಗುರು ಕತ್ತರಿಸುವುದು ಆಗದವರಿಗೆ ಸ್ನಾನವಾದ ಕೂಡಲೇ, ಉಗುರು ಮೆತ್ತಗಿರುವಾಗ, ದಿನಕ್ಕೆ ಎರಡೇ ಬೆರಳು ಎಂದು ಒಪ್ಪಂದ ಮಾಡಿಕೊಳ್ಳಬಹುದು. ಕತ್ತರಿಯ ಬದಲು ಉಗುರು ಉಜ್ಜುವ ಪಟ್ಟಿಯೂ ಆದೀತು. ದಿನದ ಒಂದು ಪೂರ್ಣ ಸ್ನಾನ ಯಾವ ರೀತಿಯಲ್ಲೂ ಸಾಧ್ಯವಾಗದ ದಿನ ಮುಖ, ಕಂಕುಳು, ತೊಡೆಸಂದು, ಪಾದ ಇಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರೂ ಶುಚಿತ್ವದ ಬಹುಪಾಲು ಆಯಿತೆಂದೇ ತಿಳಿಯಿರಿ.

ವಯಸ್ಕರೊಡನೆ ಮಾತಾಡುವಂತೆ ಮಾತಾಡಿ

ಇಪ್ಪತ್ತೆರಡರ ಯುವಕನಿಗೆ ಆರು ವರ್ಷದ ಮಗುವಿನ ಧಾಟಿಯಲ್ಲಿ ಹೇಳುವುದು, ಬಂಧುಗಳ ಎದುರು ಅವನ ಅಂಗಿಯನ್ನು ಮೂಸಿ ನೋಡುವುದು, ಬಾಗಿಲು ತಟ್ಟದೆ ಬಚ್ಚಲಿಗೆ ನುಗ್ಗುವುದು ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತವೆ, ಆದರೂ ಅವನ ಮರ್ಯಾದೆಗೆ ಪೆಟ್ಟು ಕೊಡುತ್ತವೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 22ನೆಯ ವಿಧಿ ಖಾಸಗಿತನವನ್ನು ಹಕ್ಕೆಂದೇ ಗುರುತಿಸಿದೆ. ಮನೆಯ ಬಚ್ಚಲುಮನೆಗೂ ಆ ಮಾತು ಸಲ್ಲುತ್ತದೆ.

ವಾಸನೆಯ ವಿಷಯ ಹೇಳಲೇಬೇಕಾದಾಗ ಒಬ್ಬರೇ ಇದ್ದಾಗ, ಸುತ್ತಿಬಳಸದೆ, ಏನು ಮಾಡಬೇಕೆಂಬುದನ್ನೂ ಸೇರಿಸಿ ಹೇಳಿ: "ನಿನ್ನ ಅಂಗಿಯಿಂದ ಬೆವರಿನ ವಾಸನೆ ಬರುತ್ತಿದೆ. ಕಂಕುಳು ತೊಳೆದುಕೊಂಡು ಬೇರೆ ಅಂಗಿ ಹಾಕಿಕೊ." ಸೂಚ್ಯವಾಗಿ ಹೇಳಿದರೆ ಅರ್ಥವಾಗದೆ ಹೋಗಬಹುದು, ಹಂಗಿಸಿದರೆ ಅವಮಾನ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ದೇಹದ ಭಾಗಗಳಿಗೆ ಸರಿಯಾದ ಹೆಸರುಗಳನ್ನೇ ಬಳಸಿ. ಯಾವ ಕೆಲಸ ಬಾಗಿಲು ಹಾಕಿಕೊಂಡು ಮಾಡುವುದು, ಯಾರು ಯಾವ ಕಾರಣಕ್ಕೆ ತಮ್ಮನ್ನು ಮುಟ್ಟಬಹುದು, ಬೇಡವೆನಿಸಿದಾಗ "ಬೇಡ" ಎನ್ನುವುದು ಹೇಗೆ ಎಂಬುದನ್ನೂ ಇದರೊಂದಿಗೇ ಕಲಿಸಬೇಕು. ಬೌದ್ಧಿಕ ಅಂಗವೈಕಲ್ಯ ಇರುವವರು ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗುವ ಅಪಾಯ ಇತರರಿಗಿಂತ ಹೆಚ್ಚು. ಮೈ ತೊಳೆಸಲು ಯಾರು ಬಂದರೂ ಸುಮ್ಮನೆ ನಿಲ್ಲಬೇಕು ಎಂದು ರೂಢಿಸಿಕೊಂಡವರಿಗೆ ತಪ್ಪು ಸ್ಪರ್ಶವನ್ನು ಗುರುತಿಸುವುದು ಕಷ್ಟವಾಗುತ್ತದೆ. ನೆರವು ಕೊಡುವಾಗಲೂ "ಈಗ ನಿನ್ನ ಬೆನ್ನು ಉಜ್ಜಲೇ?" ಎಂದು ಕೇಳಿ, ಒಪ್ಪಿಗೆ ಪಡೆದು ಮುಟ್ಟಿ. ಈ ಒಂದು ಅಭ್ಯಾಸವನ್ನು ಯಾವ ಅವಸರದ ದಿನವೂ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸವನ್ನು ಬಿಡಿಸಿ, ಒಂದು ತುದಿಯಿಂದ ಕಲಿಸಿ

"ತಲೆ ತೊಳೆದುಕೊ" ಎಂಬ ಒಂದು ಮಾತಿನೊಳಗೆ ಎಷ್ಟು ಕೆಲಸಗಳಿವೆ ನೋಡಿ. ಕೂದಲು ಬುಡದವರೆಗೆ ಒದ್ದೆಯಾಗಬೇಕು, ನೀರು ನಿಲ್ಲಿಸಬೇಕು, ಶಾಂಪೂ ಬಾಟಲಿಯನ್ನು ಗುರುತಿಸಬೇಕು, ಅಂಗೈಗೆ ಬೇಕಾದಷ್ಟೇ ಸುರಿದುಕೊಳ್ಳಬೇಕು, ಎರಡೂ ಕೈಗಳಿಗೆ ಹಚ್ಚಿಕೊಂಡು ನೆತ್ತಿ, ಕಿವಿಯ ಹಿಂದೆ, ಹಿಂದಲೆ ಎಂದು ಕ್ರಮವಾಗಿ ಬೆರಳ ತುದಿಯಿಂದ ತಿಕ್ಕಬೇಕು, ಕಣ್ಣು ಮುಚ್ಚಿಕೊಂಡು ನೊರೆ ಹೋಗುವವರೆಗೆ ನೀರು ಹಾಕಿಕೊಳ್ಳಬೇಕು. ಇಲ್ಲಿ "ಬೇಕಾದಷ್ಟು", "ನೊರೆ ಹೋಗುವವರೆಗೆ" ಎಂಬ ಮಾತುಗಳು ನಮಗೆ ಸಹಜ, ಕಲಿಯುವವರಿಗೆ ಒಗಟು. ಶಾಂಪೂವನ್ನು ಒತ್ತುವ ಬಾಟಲಿಗೆ ತುಂಬಿಸಿಟ್ಟರೆ "ಬೇಕಾದಷ್ಟು" ಎನ್ನುವುದು "ಎರಡು ಸಲ ಒತ್ತು" ಎಂದಾಗುತ್ತದೆ. ಹಿಂದಲೆಯ ಕೂದಲನ್ನು ಬೆರಳುಗಳ ನಡುವೆ ಹಿಡಿದೆಳೆದಾಗ ಜಾರಿದರೆ ಇನ್ನೂ ಶಾಂಪೂ ಇದೆ, ಜಾರದೆ ಹಿಡಿತಕ್ಕೆ ಸಿಕ್ಕರೆ ಮುಗಿಯಿತು ಎಂದು ತೋರಿಸಿಕೊಟ್ಟರೆ ಅದೂ ಅವರ ಕೈಗೇ ತಿಳಿಯುತ್ತದೆ. ನೊರೆ ಹೆಚ್ಚಾಗಿ ಉಳಿಯುವುದು ಹಿಂದಲೆಯಲ್ಲಿ, ಕಿವಿಯ ಹಿಂದೆ. ತುರಿಕೆ ಬರುವುದೂ ಅಲ್ಲಿಯೇ.

ವಿಶೇಷ ಶಿಕ್ಷಣದಲ್ಲಿ ಹೀಗೆ ಬಿಡಿಸುವುದನ್ನು ಕಾರ್ಯ ವಿಶ್ಲೇಷಣೆ ಎನ್ನುತ್ತಾರೆ. ನೀವೇ ಆ ಕೆಲಸವನ್ನು ಒಮ್ಮೆ ನಿಧಾನವಾಗಿ ಮಾಡುತ್ತ ಬರೆದುಕೊಳ್ಳಿ. ಮನಸ್ಸಿನಲ್ಲೇ ಊಹಿಸಿ ಬರೆದರೆ ನೀರು ನಿಲ್ಲಿಸುವಂಥ ಹಂತಗಳು ಬಿಟ್ಟುಹೋಗುತ್ತವೆ. ನಂತರ ಯಾವ ತುದಿಯಿಂದ ಕಲಿಸಬೇಕೆಂದು ನಿರ್ಧರಿಸಬೇಕು. ಮೊದಲ ಹಂತದಿಂದ ಮುಂದಕ್ಕೆ ಹೋಗುವುದು ಒಂದು ರೀತಿ. ಕೊನೆಯ ಹಂತದಿಂದ ಹಿಂದಕ್ಕೆ ಬರುವುದು ಇನ್ನೊಂದು: ಉಳಿದೆಲ್ಲದಕ್ಕೂ ನೆರವು ಕೊಟ್ಟು ಕೊನೆಯ ಹಂತವನ್ನು ಮಾತ್ರ ಅವರೇ ಮಾಡುವಂತೆ ಬಿಡುವುದು, ಅದು ಗಟ್ಟಿಯಾದ ಮೇಲೆ ಅದರ ಹಿಂದಿನದನ್ನೂ ಬಿಡುವುದು. ಪದೇ ಪದೇ ಸೋತು ಬೇಸರಗೊಂಡವರಿಗೆ ಈ ಹಿಮ್ಮುಖ ಕ್ರಮವೇ ಒಳ್ಳೆಯದೆಂದು ನಾನು ಹೇಳುತ್ತೇನೆ, ಏಕೆಂದರೆ ಅದರಲ್ಲಿ ಪ್ರತಿ ಸಲವೂ ಕೆಲಸ ಮುಗಿಯುವುದು ಅವರ ಕೈಯಿಂದ. ಒಂದು ಹೊತ್ತಿಗೆ ಒಂದೇ ಕೆಲಸ ಆರಿಸಿಕೊಳ್ಳಿ. ಹಲ್ಲು, ಸ್ನಾನ, ಬಟ್ಟೆ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡರೆ ಕಲಿಸುವವರೇ ಮೊದಲು ಸುಸ್ತಾಗುತ್ತಾರೆ. ಯಾವುದನ್ನು ಮೊದಲು ಎಂದು ಅವರನ್ನೇ ಕೇಳಿ. ಆರಿಸಿದವರಿಗೆ ಆ ಕೆಲಸದ ಮೇಲೆ ಮನಸ್ಸಿರುತ್ತದೆ.

ಮಾತನ್ನು ಕಡಿಮೆ ಮಾಡಿ, ಕಾಣುವುದನ್ನು ಹೆಚ್ಚಿಸಿ

ಬಿಡಿಸಿದ ಹಂತಗಳನ್ನು ಚಿತ್ರಪಟ್ಟಿಯಾಗಿ ಮಾಡಿ, ಒದ್ದೆಯಾಗದಂತೆ ಲ್ಯಾಮಿನೇಟ್ ಮಾಡಿಸಿ, ಕೆಲಸ ನಡೆಯುವ ಜಾಗದಲ್ಲೇ ಕಣ್ಣಿನ ಎತ್ತರಕ್ಕೆ ಅಂಟಿಸಿ. ಕೋಣೆಯಲ್ಲಿ ಅಂಟಿಸಿದ ಪಟ್ಟಿ ಬಚ್ಚಲಿನಲ್ಲಿ ನೆನಪಿಗೆ ಬರುವುದಿಲ್ಲ. ಚಿತ್ರಗಳು ಕಾರ್ಟೂನಿನವು ಬೇಡ. ಅವರದೇ ಬಚ್ಚಲು, ಅವರದೇ ಬ್ರಷ್, ಅವರದೇ ಟವೆಲಿನ ಫೋಟೋಗಳು ಹೆಚ್ಚು ಸ್ಪಷ್ಟ, ಮತ್ತು ವಯಸ್ಸಿಗೂ ತಕ್ಕವು. ಓದಬಲ್ಲವರಿಗೆ ಸಣ್ಣ ಪದಪಟ್ಟಿ ಸಾಕು. ಮೊಬೈಲ್ ಬಳಸುವವರು ಅದರಲ್ಲಿ ಅಲಾರಂ ಇಟ್ಟುಕೊಂಡರೆ ತಾಯಿ ಕೂಗುವುದು ತಪ್ಪುತ್ತದೆ. ಅದೇ ಫೋನು ಅವರ ಓರಗೆಯವರ ಕೈಯಲ್ಲೂ ಇರುವುದರಿಂದ ಅದರಲ್ಲಿ ಸಂಕೋಚವೂ ಇಲ್ಲ. ಕೆಲಸ ಮಾಡುವ ಕೈಗಳನ್ನಷ್ಟೇ, ಮಾಡುವವರ ಕಣ್ಣಿಗೆ ಕಾಣುವ ಕೋನದಿಂದ ಚಿತ್ರಿಸಿದ ಚಿಕ್ಕ ವಿಡಿಯೋ ಕೆಲವರಿಗೆ ಚಿತ್ರಪಟ್ಟಿಗಿಂತ ಚೆನ್ನಾಗಿ ಹಿಡಿಸುತ್ತದೆ. ಮೈ ತೊಳೆಯುವುದನ್ನು ಮಾತ್ರ ಉಟ್ಟ ಬಟ್ಟೆಯಲ್ಲೇ, ತೋಳು ಕಾಲುಗಳ ಮೇಲೆ ತೋರಿಸಿ. ಯಾರದೇ ಬೆತ್ತಲೆ ದೇಹವನ್ನು ಚಿತ್ರೀಕರಿಸಬಾರದು.

ನೆರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮವೂ ಮೊದಲೇ ತೀರ್ಮಾನವಾಗಿರಬೇಕು. ಕೈ ಹಿಡಿದು ಮಾಡಿಸುವುದರಿಂದ ಮೊಣಕೈ ತಟ್ಟುವುದಕ್ಕೆ, ಅಲ್ಲಿಂದ ಬೆರಳು ತೋರುವುದಕ್ಕೆ, ಅಲ್ಲಿಂದ ಚಿತ್ರದ ಕಡೆ ನೋಡುವುದಕ್ಕೆ, ಕೊನೆಗೆ ಬಾಗಿಲ ಹೊರಗೆ ನಿಲ್ಲುವುದಕ್ಕೆ ಇಳಿಯುತ್ತ ಬನ್ನಿ. ಒಂದು ಹಂತದಲ್ಲಿ ತಡವರಿಸಿದಾಗ ತಕ್ಷಣ ಹೇಳಿಬಿಡದೆ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಿರಿ. ಯೋಚಿಸಲು ಅವರಿಗೆ ಅಷ್ಟು ಹೊತ್ತು ಬೇಕು, ಮತ್ತು ಎಷ್ಟೋ ಸಲ ಆ ಮೌನದಲ್ಲೇ ಕೈ ತಾನಾಗಿ ಮುಂದುವರಿಯುತ್ತದೆ.

ಬಚ್ಚಲುಮನೆಯ ಸುರಕ್ಷತೆ

ಸ್ವಾವಲಂಬನೆ ಹೆಚ್ಚಿದಂತೆ ಈ ಕಡೆ ಗಮನ ಹೆಚ್ಚಬೇಕು. ನೋವು ಮತ್ತು ಬಿಸಿಯ ಅರಿವು ಕಡಿಮೆ ಇರುವವರು ಸುಡುವ ನೀರಿನಿಂದಲೂ ಕೂಡಲೇ ಹಿಂದೆ ಸರಿಯದಿರಬಹುದು. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು; ನಲ್ಲಿಯಲ್ಲಿ ಬರುವ ನೀರು 49 ಡಿಗ್ರಿ ಮೀರದಂತೆ ವ್ಯವಸ್ಥೆ ಮಾಡಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನೂ ಕಲಿಸಿ. ಮೂರ್ಛೆರೋಗ ಇರುವವರು ತೊಟ್ಟಿಯಲ್ಲಿ ಒಬ್ಬರೇ ಮುಳುಗಿ ಸ್ನಾನ ಮಾಡಬಾರದು. ಕೂತು ಮೈಮೇಲೆ ನೀರು ಹಾಕಿಕೊಳ್ಳುವುದು ಮೇಲು, ಬಾಗಿಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು, ಮತ್ತು ಮನೆಯಲ್ಲಿ ಇನ್ನೊಬ್ಬರು ಇರಬೇಕು. ಜಾರದ ಚಾಪೆ, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ, ಸ್ನಾನದ ಕುರ್ಚಿ, ಉದ್ದ ಹಿಡಿಯ ಸ್ಪಂಜು ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರನ್ನು ಇತರರ ನೆರವಿನಿಂದ ಬಿಡಿಸುತ್ತವೆ. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರಾದ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರು ಮನೆಗೇ ಬಂದು ನೋಡಿ ಸಲಹೆ ಕೊಟ್ಟರೆ ಇನ್ನೂ ಒಳ್ಳೆಯದು.

ಕೆಲವು ಕೆಲಸಗಳ ಬಗ್ಗೆ ಬೇರೆಯಾಗಿಯೇ

ಹಲ್ಲುಗಳ ಬಗ್ಗೆ ಉದಾಸೀನ ಬೇಡ. ಡೌನ್ ಸಿಂಡ್ರೋಮ್ ಇರುವವರಲ್ಲಿ ವಸಡಿನ ರೋಗ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುವುದು ಹೆಚ್ಚು. ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಔಷಧದಿಂದ ವಸಡು ಊದಿ ಬೆಳೆಯುವುದುಂಟು. ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ, ಮೃದು ಎಳೆಯ ಬ್ರಷ್, ಫ್ಲೋರೈಡ್ ಪೇಸ್ಟ್ ಇದು ಗುರಿ. ಎರಡು ನಿಮಿಷವನ್ನು ಟೈಮರ್ ಅಥವಾ ಇಷ್ಟದ ಹಾಡಿನ ಒಂದು ಭಾಗ ಅಳೆಯಲಿ. ಹಿಡಿ ದಪ್ಪವಾಗಿರುವ ಬ್ರಷ್, ಮೂರು ಬದಿಯಿಂದ ಒಮ್ಮೆಲೇ ಉಜ್ಜುವ ಬ್ರಷ್, ವಿದ್ಯುತ್ ಬ್ರಷ್ ಇವುಗಳಲ್ಲಿ ಕೈಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ. ವಿದ್ಯುತ್ ಬ್ರಷ್ಷಿನ ಅದುರುವಿಕೆ ಕೆಲವರಿಗೆ ಇಷ್ಟ, ಕೆಲವರಿಗೆ ಅಸಹ್ಯ. ಮೊದಲು ಅಂಗೈಗೆ, ಆಮೇಲೆ ಕೆನ್ನೆಗೆ ಮುಟ್ಟಿಸಿ ನೋಡಿ.

ಮುಟ್ಟಿನ ಶುಚಿತ್ವವನ್ನು ಮುಟ್ಟಿಲ್ಲದ ದಿನಗಳಲ್ಲೇ ಅಭ್ಯಾಸ ಮಾಡಿಸಬೇಕು, ಏಕೆಂದರೆ ಹೊಟ್ಟೆನೋವು ಮತ್ತು ಗಾಬರಿಯ ನಡುವೆ ಹೊಸದೇನೂ ತಲೆಗೆ ಹೋಗುವುದಿಲ್ಲ. ಒಳ ಉಡುಪಿನ ಮೇಲೆ ಪ್ಯಾಡ್ ಎಲ್ಲಿ ಕೂರಬೇಕೋ ಅಲ್ಲಿ ಬಣ್ಣದ ದಾರದಿಂದ ಗೆರೆ ಹೊಲಿದುಕೊಟ್ಟರೆ ಗುರುತು ಸಿಗುತ್ತದೆ. ಪ್ಯಾಡಿಗೆ ಕೆಂಪು ಬಣ್ಣದ ನೀರು ಹಾಕಿ, ತೆಗೆದು, ಸುತ್ತಿ, ಕಸದ ಡಬ್ಬಿಗೆ ಹಾಕಿ, ಕೈ ತೊಳೆಯುವವರೆಗಿನ ಪೂರ್ತಿ ಸರಣಿಯನ್ನು ಮಾಡಿಸಿ. ಬದಲಾಯಿಸುವುದನ್ನು ಒದ್ದೆಯ ಅರಿವಿಗೆ ಬಿಡದೆ 4ರಿಂದ 6 ಗಂಟೆಗೊಮ್ಮೆ ಎಂದು ಗಡಿಯಾರಕ್ಕೆ ಕಟ್ಟಿ. ಪ್ಯಾಡಿನ ಅಂಟು, ಸದ್ದು, ಅಂಚು ಹಿಡಿಸದವರಿಗೆ ಹೀರಿಕೊಳ್ಳುವ ಮುಟ್ಟಿನ ಒಳ ಉಡುಪು ಅನುಕೂಲ. ಸಾಧ್ಯವಾದಷ್ಟು ಇದನ್ನು ಹೆಂಗಸರೇ ಕಲಿಸಲಿ.

ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಶುಚಿಗೊಳಿಸಿಕೊಳ್ಳುವುದು ಮೂತ್ರದ ಸೋಂಕನ್ನು ತಡೆಯಲು ಹೆಣ್ಣುಮಕ್ಕಳಿಗೆ ಮುಖ್ಯ. ಕೈ ತೊಳೆಯುವಾಗ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಗಡ್ಡಕ್ಕೆ ಬ್ಲೇಡಿಗಿಂತ ವಿದ್ಯುತ್ ಶೇವರ್ ಸುರಕ್ಷಿತ. ಡಿಯೋಡರೆಂಟನ್ನು ತೊಳೆದು ಒಣಗಿಸಿದ ಕಂಕುಳಿಗೆ ಹಚ್ಚಬೇಕು. ಸ್ನಾನಕ್ಕೆ ಅದು ಬದಲಿಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಬಟ್ಟೆಗೆ ಒಂದೇ ನಿಯಮ ಸಾಕು: ಒಮ್ಮೆ ಮೈಯಿಂದ ಕಳಚಿದ ಒಳ ಉಡುಪು, ಕಾಲುಚೀಲ, ಅಂಗಿ ನೇರವಾಗಿ ಬುಟ್ಟಿಗೆ. ಬುಟ್ಟಿ ಬಚ್ಚಲ ಬಾಗಿಲಲ್ಲೇ ಇರಲಿ.

ಒಲ್ಲೆ ಎಂದಾಗ

ಒಲ್ಲೆ ಎನ್ನುವ ಹಕ್ಕು ವಯಸ್ಕರಿಗಿದೆ, ಹಾಗೆಂದು ಕೈಬಿಡುವುದೂ ಸರಿಯಲ್ಲ. ಆಯ್ಕೆಯನ್ನು ಅವರಿಗೆ ಕೊಡಿ: ಬೆಳಗ್ಗೆಯೋ ರಾತ್ರಿಯೋ, ಈ ಸೋಪೋ ಆ ಸೋಪೋ, ಮೊದಲು ತಲೆಯೋ ಮೈಯೋ. ಶುಚಿತ್ವವನ್ನು ಅವರಿಗೆ ಬೇಕಾದ ಸಂಗತಿಗೆ ಜೋಡಿಸಿ. ಕೆಲಸಕ್ಕೆ ಸೇರುವ ಆಸೆ, ಗೆಳತಿಯ ಮನೆಗೆ ಹೋಗುವ ದಿನ, ಈಜುಕೊಳ, ಯಾವುದಾದರೂ ಆದೀತು. ಆರಂಭದಲ್ಲಿ ಸ್ನಾನವಾದ ಮೇಲೆ ಇಷ್ಟದ ಚಟುವಟಿಕೆ ಎಂಬ ಕ್ರಮ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಊಟ, ಹೊರಗೆ ಹೋಗುವುದು, ಪ್ರೀತಿ ಇವನ್ನು ತಡೆಹಿಡಿದು ಶಿಕ್ಷಿಸುವುದು ಮಾತ್ರ ತಪ್ಪು. ಹೊಗಳುವಾಗ "ಜಾಣ" ಎನ್ನುವುದಕ್ಕಿಂತ "ಇವತ್ತು ಹಿಂದಲೆಯಲ್ಲಿ ಸ್ವಲ್ಪವೂ ನೊರೆ ಉಳಿದಿಲ್ಲ" ಎಂದರೆ ಏನನ್ನು ಸರಿಯಾಗಿ ಮಾಡಿದೆನೆಂದು ಅವರಿಗೆ ತಿಳಿಯುತ್ತದೆ.

ಮನೆಯಾಚೆಗೂ ಒಯ್ಯಿರಿ

ಮನೆಯಲ್ಲಿ ಕಲಿತದ್ದು ಬೇರೆ ಬಚ್ಚಲಿನಲ್ಲಿ ತಾನಾಗಿ ಬರುತ್ತದೆಂದು ಭಾವಿಸಬೇಡಿ. ನಲ್ಲಿ ತಿರುಗುವ ದಿಕ್ಕು ಬೇರೆಯಾದರೂ ಇಡೀ ಸರಣಿ ಅಲ್ಲೇ ನಿಂತುಬಿಡಬಹುದು. ಬೇರೆ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಪ್ರಯಾಣದಲ್ಲಿ ಬೇಕೆಂದೇ ಅಭ್ಯಾಸ ಮಾಡಿಸಿ, ಅದೇ ಚಿತ್ರಪಟ್ಟಿಯ ಚಿಕ್ಕ ಪ್ರತಿಯನ್ನು ಚೀಲದಲ್ಲಿ ಕೊಡಿ. ಮನೆಯವರು, ಶಿಕ್ಷಕರು, ಆರೈಕೆ ಮಾಡುವವರು ಎಲ್ಲರೂ ಒಂದೇ ಕ್ರಮವನ್ನು ಒಂದೇ ಮಾತಿನಲ್ಲಿ ಹೇಳಬೇಕು. ಇಲ್ಲವಾದರೆ ಅವರು ಕಲಿಯುತ್ತಿರುವುದು ಮೂರು ಬೇರೆ ಬೇರೆ ಕೆಲಸಗಳನ್ನು.

ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರೆ

ತಿಂಗಳುಗಟ್ಟಲೆ ಚಾಚೂ ತಪ್ಪದೆ ಮಾಡುತ್ತಿದ್ದವರು ಒಮ್ಮೆಲೇ ಹಲ್ಲುಜ್ಜುವುದನ್ನೋ ಸ್ನಾನವನ್ನೋ ಬಿಟ್ಟರೆ, ಮತ್ತೆ ಮೊದಲಿನಿಂದ ಕಲಿಸಲು ಹೊರಡುವ ಮುನ್ನ ವೈದ್ಯರಿಗೆ ತೋರಿಸಿ. ನೋವನ್ನು ಮಾತಿನಲ್ಲಿ ಹೇಳಲಾರದವರು ಅದನ್ನು ನಡವಳಿಕೆಯಲ್ಲಿ ಹೇಳುತ್ತಾರೆ: ಹುಳುಕು ಹಲ್ಲು, ಕಿವಿಯ ಸೋಂಕು, ಚರ್ಮದ ಹುಣ್ಣು, ಮಲಬದ್ಧತೆ ಇವು ಸಾಮಾನ್ಯ ಕಾರಣಗಳು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚಾಗಿ ಕಾಣುವುದರಿಂದ ಆಲಸ್ಯ ಕಂಡಾಗ ರಕ್ತಪರೀಕ್ಷೆ ಮಾಡಿಸಬೇಕು. ಖಿನ್ನತೆಯ ಮೊದಲ ಕುರುಹೂ ಎಷ್ಟೋ ಸಲ ತನ್ನ ಬಗ್ಗೆ ತಾನು ಗಮನ ಕೊಡದಿರುವುದೇ. ಬಟ್ಟೆ ಕಳಚಲು ಹೆದರುವುದು, ಒಬ್ಬ ನಿರ್ದಿಷ್ಟ ವ್ಯಕ್ತಿ ಇದ್ದಾಗ ಮಾತ್ರ ಬಚ್ಚಲಿಗೆ ಹೋಗದಿರುವುದು ಕಂಡರೆ ದೌರ್ಜನ್ಯದ ಸಾಧ್ಯತೆಯನ್ನು ತಳ್ಳಿಹಾಕದೆ, ಆ ವ್ಯಕ್ತಿಯನ್ನು ಆರೈಕೆಯಿಂದ ದೂರವಿಟ್ಟು, ತಡಮಾಡದೆ ನೆರವು ಪಡೆಯಿರಿ. ವೈದ್ಯರ ಬಳಿ ಹೋಗುವಾಗ ಯಾವ ದಿನದಿಂದ, ಯಾವ ಕೆಲಸದ ಯಾವ ಹಂತದಲ್ಲಿ ನಿಲ್ಲುತ್ತಿದ್ದಾರೆ, ಆ ದಿನಗಳಲ್ಲಿ ಊಟ, ನಿದ್ದೆ, ಔಷಧ, ಮನೆಯ ಜನರಲ್ಲಿ ಏನು ಬದಲಾಯಿತು ಎಂಬುದನ್ನು ಬರೆದು ಒಯ್ಯಿರಿ, ಮತ್ತು ಪ್ರಶ್ನೆಗಳನ್ನು ಮೊದಲು ಆ ಯುವಕನನ್ನೇ ಅಥವಾ ಯುವತಿಯನ್ನೇ ಕೇಳುವಂತೆ ವೈದ್ಯರಿಗೆ ತಿಳಿಸಿ.